ಲೈಟಿಗೆ ಗಾಲಿ ಅದಾವ

ನರ್ಸಬಾಯಿ ನೌಕರಿಯಿಂದ ನಿವೃತ್ತಿಯಾದ ದಿನ ದವಾಖಾನೆಯವರು ಒಂದು ಸಣ್ಣ ಸಮಾರಂಭ ಮಾಡಿದರು. ನನ್ನನ್ನೂ ಕರೆದಿದ್ದರು. ಹಾರ, ಶಾಲು ಎಲ್ಲ ಮುಗಿದ ಮೇಲೆ ಯಾರೋ ನನ್ನ ಕೈಗೆ ಮೈಕು ಕೊಟ್ಟು, "ಆಯಿ, ನೀವೂ ನಾಕ ಮಾತ ಹೇಳ್ರಿ" ಎಂದರು. ನಾನು ಎದ್ದು ನಿಂತೆ. "ಛಲೋ ಹೆಣಮಗಳು. ನಾಲಗಿ ಅಷ್ಟ ಜೋರು" ಎಂದು ಹೇಳಿ ಕುಳಿತುಬಿಟ್ಟೆ. ಜನ ನಕ್ಕರು, ಆಕೆಯೂ ನಕ್ಕಳು. ಅಲ್ಲಿಗೆ ನನ್ನ ಭಾಷಣ ಮುಗಿಯಿತು.

ಹೇಳುವುದಿತ್ತು. ಅಷ್ಟು ಜನರ ಮುಂದೆ ಹೇಳುವಂಥದ್ದಲ್ಲ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಹಾಕಿದರೆ ಈಗಿರುವ ನಿಪ್ಪಾಣಿಯಿಂದ ಫೋನು ಹಚ್ಚಿ ಬೈಯುತ್ತಾಳೆ. ಅಥಣಿಯ ಆ ಹೆರಿಗೆ ದವಾಖಾನೆಯಲ್ಲಿ ಹಡೆದವರಿಗೆಲ್ಲ ಆಕೆ ನರ್ಸಬಾಯಿ. ಇಲ್ಲಿಯೂ ಹಾಗೇ ಇರಲಿ.

ಗಿಡ್ಡ ಆಳು, ಅಗಲ ಪಾದ, ಗಂಡಸರ ಚಪ್ಪಲಿ. ಹೆಣ್ಣುಮಕ್ಕಳ ಚಪ್ಪಲಿ ತನ್ನ ಕಾಲಿಗೆ ಒಂದು ತಿಂಗಳೂ ಬಾಳುವುದಿಲ್ಲ ಎನ್ನುತ್ತಿದ್ದಳು. ಆ ಚಪ್ಪಲಿಯ ಸಪ್ಪಳ ಪಡಸಾಲೆಯ ಆ ತುದಿಯಲ್ಲಿ ಕೇಳಿಸಿದರೆ ಸಾಕು, ಈ ತುದಿಯಲ್ಲಿ ಬಾಣಂತಿಯರ ತಾಯಂದಿರು ಡಬ್ಬಿ, ಪುಡಿ, ತಾಯತ ಎಲ್ಲ ಸೆರಗಿನೊಳಗೆ ಸರಿಸುತ್ತಿದ್ದರು. ಕಿಸೆಯಲ್ಲಿ ಕೀಲಿಗಳ ಗೊಂಚಲು. ಎದೆಯ ಮೇಲೆ ಪಿನ್ನು ಚುಚ್ಚಿ ತೂಗುಬಿಟ್ಟ ಗಡಿಯಾರ. ಆಕೆ ಕುಳಿತದ್ದನ್ನು ಯಾರೂ ನೋಡಿರಲಿಲ್ಲ. ಚಹಾವನ್ನೂ ನಿಂತೇ, ಬಶಿಗೆ ಸುರಿದುಕೊಂಡು, ಎರಡು ಗುಟುಕಿನಲ್ಲಿ ಮುಗಿಸುತ್ತಿದ್ದಳು.

ಬೈಯುವುದು ಕನ್ನಡದಲ್ಲಿ, ಮುದ್ದು ಮಾಡುವುದು ಮರಾಠಿಯಲ್ಲಿ. ನಮಗೆಲ್ಲ, "ಏನ್ರಿ, ಬುದ್ಧಿ ಐತೋ ಇಲ್ಲೋ?" ಕೂಸನ್ನು ಎತ್ತಿಕೊಂಡ ಕೂಡಲೇ, "ಅಗ ಮಾಝಿ ಸೋನೂ, ಮಾಝಂ ಪಿಲ್ಲೂ!" ನಾನು ಒಮ್ಮೆ ಕೇಳಿದೆ, "ಯಾಕ್ರಿ ಬಾಯಾರ, ನಮ್ಮ ಕೂಸಿಗೆ ಕನ್ನಡಾ ತಿಳಿಯಂಗಿಲ್ಲೇನ?"

"ತಿಳೀತೈತ್ರಿ ಆಯಿ. ಖರೆ ಅದಕ್ಕ ಬೈಸ್ಕೊಳ್ಳಾಕ ಇನ್ನೂ ಭಾಳ ದಿನಾ ಅದಾವಲ್ಲ."

ನನಗೂ ಆಕೆಗೂ ಮೊದಲ ದಿನವೇ ಜಗಳ. ಮಗಳನ್ನು ಅಲಖನೂರಿಗೆ ಕೊಟ್ಟಿದ್ದೇವೆ. ಮೊದಲ ಹೆರಿಗೆ ತವರಿನದು ಎಂದು ಉಗಾರ ಬುದ್ರುಕಕ್ಕೆ, ನಮ್ಮ ಮನೆಗೆ ಕರೆತಂದಿದ್ದೆ. ಹೆಣ್ಣು ಕೂಸು ಹುಟ್ಟಿತು. ನಾನು ಮೂರು ಹಡೆದವಳು. ಒಂದನ್ನಂತೂ ಕಬ್ಬಿನ ಹೊಲದ ಬದುವಿನ ಮೇಲೆ ಹಡೆದು, ಹೊಕ್ಕುಳಬಳ್ಳಿ ಕೊಯ್ಯಲು ಮನೆಗೆ ನಡೆದುಕೊಂಡು ಬಂದವಳು. ಈ ಗಿಡ್ಡ ಹೆಂಗಸು ನನಗೇನು ಕಲಿಸುತ್ತಾಳೆ ಎಂಬ ಸೊಕ್ಕಿತ್ತು. ಕೂಸಿಗೆ ನೆಕ್ಕಿಸಲು ಬೆರಳಿಗೆ ಜೇನುತುಪ್ಪ ಹಚ್ಚಿಕೊಂಡು ಮಂಚದ ಹತ್ತಿರ ಹೋದೆ. ಮಣಿಕಟ್ಟು ಯಾರೋ ಹಿಡಿದರು. ತಿರುಗಿ ನೋಡಿದರೆ ಆಕೆ.

"ಆ ಬೆರಳ ನೀವ ನೆಕ್ಕ್ರಿ."

"ಬಾಯಾರ, ಇದು ನಮ್ಮ ಪದ್ಧತಿ."

"ನೆಕ್ಕ್ರಿ ಅಂದ್ನಿ. ಕೂಸಿಗೆ ತಾಯಿ ಹಾಲ ಬಿಟ್ಟು ಏನೂ ಬ್ಯಾಡ. ತುಪ್ಪಾ ಸುಮ್ಮಕ ಹಾಳಾಗಬಾರದು, ನೆಕ್ಕ್ರಿ."

ಪಕ್ಕದ ಮಂಚದವರು ನೋಡುತ್ತಿದ್ದರು. ಅರವತ್ತರ ಹತ್ತಿರದ ಮುದುಕಿ, ಸಣ್ಣ ಹುಡುಗಿಯ ಹಾಗೆ ಬೆರಳು ನೆಕ್ಕಿದೆ. ಆಕೆ ಮುಗಿಯುವ ತನಕ ನಿಂತು ನೋಡಿ ಹೋದಳು.

ಮೂರನೆಯ ದಿನ ಮನೆಗೆ ಬಿಟ್ಟರು. ಮಗಳು ಒಳಗೆ ಸೀರೆ ಉಡುತ್ತಿದ್ದಳು. ಆಕೆ ಕೂಸನ್ನೂ ನನ್ನನ್ನೂ ಕಿಟಕಿಯ ಹತ್ತಿರ ಕರೆದಳು. ಕೂಸಿನ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಟ್ಟಳು. "ಇಲ್ಲಿ ನೋಡ್ರಿ. ಒತ್ತಿ ಬಿಟ್ಟ ಮ್ಯಾಲೆ ಹಳದಿ ಕಂಡ್ರ ಅದು ಕಾಮಣಿ. ದಿನಾ ಹಿಂಗ ಕಿಟಕಿ ಬೆಳಕಿನ್ಯಾಗ ನೋಡ್ರಿ. ಮೂಗು, ಎದಿ, ಹೊಟ್ಟಿ, ಕಾಲು. ಕೆಳಗ ಇಳದಷ್ಟೂ ಹೆಚ್ಚಾಗೈತಿ ಅಂತ ತಿಳಕೋರಿ. ಕತ್ತಲ ಕ್ವಾಣ್ಯಾಗ ಇಡಬ್ಯಾಡ್ರಿ. ಮೈಗೆ ಅರಿಷಿಣ ಹಚ್ಚಬ್ಯಾಡ್ರಿ. ನಾಡದ ತಪ್ಪದ ಕೂಸನ್ನ ಕರಕೊಂಡ ಬರ್ರಿ."

"ನನ್ನ ಮಗಳಿಗೆ ಹೇಳ್ರಿ" ಎಂದೆ.

"ಕೂಸು ಯಾರ ಕೈಯಾಗ ಬೆಳೀತೈತಿ ಅನ್ನೂದು ನನಗ ಗೊತ್ತೈತ್ರಿ ಆಯಿ. ಅದಕ್ಕ ನಿಮಗ ಹೇಳಾಕತ್ತೀನಿ."

ಹೂಂ ಎಂದೆ. ಹೂಂ ಎನ್ನುವುದಕ್ಕೇನು.

ಮನೆಗೆ ಬಂದು, ನಮ್ಮತ್ತೆ ನನಗೆ ಮಾಡಿದ್ದನ್ನೆಲ್ಲ ಮಗಳಿಗೆ ಮಾಡಿದೆ. ಬಾಣಂತಿ ಕೋಣೆಯ ಕಿಟಕಿಗೆ ಗೋಣಿ ತಟ್ಟು ಬಡಿದೆ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟೆ. ಎಣ್ಣೆಯಲ್ಲಿ ಅರಿಶಿಣ ಕಲಸಿ ಕೂಸಿನ ತಲೆಯಿಂದ ಕಾಲಿನ ತನಕ ತಿಕ್ಕಿದೆ. ಅಂಗಾಲು ಮಾತ್ರ ಬಿಟ್ಟೆ. ನಮ್ಮತ್ತೆ ಬಿಡುತ್ತಿದ್ದಳು, ಯಾಕೆಂದು ನಾನು ಕೇಳಿರಲಿಲ್ಲ. ಮಗಳು ಕತ್ತಲೆಯಲ್ಲಿ ಕೂತು, "ಅವ್ವಾ, ಅವರು ಏನಾರ ಹೇಳ್ಯಾರೇನ?" ಎಂದು ಕೇಳಿದಳು. "ಮೈ ಬೆಚ್ಚಗ ಇಡ್ರಿ ಅಂದಾರ" ಎಂದೆ.

ಆಕೆ ಕರೆದುಕೊಂಡು ಬನ್ನಿ ಎಂದ ದಿನ ಐದೇಶಿ ಬಂತು. ಕೂಸು ಹುಟ್ಟಿದ ಐದನೆಯ ದಿನ ಶೆಟಿಗೆವ್ವ ಮನೆಗೆ ಬಂದು ಅದರ ಹಣೆಬರಹ ಬರೆಯುತ್ತಾಳೆ. ಅವತ್ತು ಪೂಜೆ, ಅವತ್ತು ಕೂಸು ಹೊಸ್ತಿಲು ದಾಟುವ ಹಾಗಿಲ್ಲ. ಬರೆಯಲು ಬಂದವಳಿಗೆ ಕೂಸೇ ಸಿಗದಿದ್ದರೆ ಹೇಗೆ? ನಾನು ಹೋಗಲಿಲ್ಲ. ಕೂಸಂತೂ ಅವತ್ತು ಬಹಳ ಜಾಣೆಯಾಗಿತ್ತು. ಅಳಲಿಲ್ಲ, ಹಟ ಮಾಡಲಿಲ್ಲ, ಮಲಗಿದ್ದೇ ಮಲಗಿದ್ದು. ಪೂಜೆಗೆ ಬಂದ ಓಣಿಯವರ ಮುಂದೆ ಅದನ್ನೇ ಹೊಗಳಿಕೊಂಡೆ.

ಮರುದಿನ ಮುಂಜಾನೆ ನಮ್ಮವರ ಫೋನಿಗೆ ಆಕೆಯ ಕರೆ ಬಂತು. ಅವರು ಫೋನನ್ನು ಕಿವಿಗೆ ಹಚ್ಚಿಕೊಂಡು, ಮುಖ ಸಣ್ಣದು ಮಾಡಿ, ನನ್ನ ಕೈಗೆ ಕೊಟ್ಟರು.

"ನಿಮ್ಮ ಕೂಸು ಎಲ್ಲೈತಿ?"

"ಮಲಗೈತ್ರಿ ಬಾಯಾರ. ಭಾಳ ಶಾಣ್ಯಾ ಐತ್ರಿ, ಅಳೂದ ಇಲ್ಲ."

"ಹಾಲು ಯಾವಾಗ ಕುಡದೈತಿ?"

"ನಿನ್ನೆ ಸಂಜೀಕ ಒಂದೀಟು. ಮುಂಜಾನಿಂದ ಎಬ್ಬಿಸಿದ್ರೂ ಬಾಯಿ ತಗಿಯಾಂಗಿಲ್ರಿ."

"ಅದು ಶಾಣ್ಯಾತನ ಅಲ್ರಿ ಆಯಿ" ಎಂದಳು. ಬೈಯಲಿಲ್ಲ. ಅದಕ್ಕೇ ನಾನು ಎದ್ದು ನಿಂತೆ. "ಇದ್ದಂಗ ಬರ್ರಿ. ತಾಯಿನ್ನೂ ಕರಕೊಂಡ ಬರ್ರಿ. ಸೀರಿ ಬದಲಿ ಮಾಡ್ಕೋತ ಕೂಡಬ್ಯಾಡ್ರಿ."

ಪಕ್ಕದ ಮನೆಯವರ ಗಾಡಿಯಲ್ಲಿ ಅಥಣಿ ಮುಟ್ಟಿದೆವು. ಆಕೆ ಬಾಗಿಲಿನಲ್ಲೇ ನಿಂತಿದ್ದಳು. ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಕೌದಿ ಬಿಚ್ಚಿದಳು. ಅರಿಶಿಣದಲ್ಲಿ ಅದ್ದಿ ತೆಗೆದ ಹಾಗಿತ್ತು ಕೂಸು. ಮೂಗು ಒತ್ತಿದರೂ ಹಳದಿ, ಒತ್ತದಿದ್ದರೂ ಹಳದಿ. ಆಕೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಹತ್ತಿ ಒದ್ದೆ ಮಾಡಿ ಎದೆಯ ಮೇಲಿನದನ್ನು ಒರೆಸಿದಳು. ಹತ್ತಿ ಹಳದಿಯಾಯಿತು, ಎದೆಯ ಬಣ್ಣ ಹೋಗಲಿಲ್ಲ. ಆಮೇಲೆ ಎರಡೂ ಪುಟ್ಟ ಪಾದ ಒಟ್ಟಿಗೆ ಹಿಡಿದು ಮೇಲೆತ್ತಿ ನನಗೆ ತೋರಿಸಿದಳು.

"ಅಂಗಾಲಿಗೂ ಹಚ್ಚಿರೇನ?"

"ಇಲ್ರಿ. ಅಂಗಾಲು ಬಿಡತೀವ್ರಿ."

"ಮತ್ತ ಇದೇನು?"

ಅಂಗಾಲು ಮಾಗಿದ ನಿಂಬೆಹಣ್ಣಿನ ಹಾಗೆ ಇತ್ತು. ಅದು ನನ್ನ ಅರಿಶಿಣವಲ್ಲ. ಮೂರು ದಿನ ನಾನು ಹಳದಿಯ ಮೇಲೆ ಹಳದಿ ಬಳಿದು, ಅದನ್ನು ಕತ್ತಲೆಯಲ್ಲಿ ಇಟ್ಟು, ಏನೂ ಆಗಿಲ್ಲ ಎಂದುಕೊಂಡಿದ್ದೆ.

ದಾಕ್ಟರು ಹಿಮ್ಮಡಿಯಿಂದ ರಕ್ತ ತೆಗೆದರು. ಎಳೆಯ ವಯಸ್ಸಿನವರು, ಬೆಂಗಳೂರಿನ ಕಡೆಯವರು, ಒಳ್ಳೆಯವರು. ಕಾಮಣಿ ಬಹಳ ಏರಿದೆ, ಇನ್ನೂ ಏರಿದರೆ ಮಿದುಳಿಗೆ ಹೋಗುತ್ತದೆ, ಕಿವಿ ಹೋಗಬಹುದು, ಕೂಸೂ ಹೋಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ನೀಲಿ ಲೈಟಿನ ಕೆಳಗೆ ಇಡಬೇಕು. ಲೈಟು ಇರುವುದು ಗಾಜಿನ ಕೋಣೆಯಲ್ಲಿ. ಅಲ್ಲಿ ತಾಯಂದಿರಿಗೆ ಪ್ರವೇಶವಿಲ್ಲ; ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟರೆ ಒಳಗಿನವರು ಕುಡಿಸುತ್ತಾರೆ. ಮಗಳು ಇದನ್ನು ಕೇಳಿ ಕೂಸನ್ನು ಎದೆಗೆ ಅವಚಿಕೊಂಡು ಕೂತಳು. ಯಾರು ಕೈಚಾಚಿದರೂ ಕೊಡಲೊಲ್ಲಳು.

ನರ್ಸಬಾಯಿ ಆಕೆಯಿಂದ ಕೂಸನ್ನು ಕಸಿದುಕೊಳ್ಳಲಿಲ್ಲ. ದಾಕ್ಟರ ಕಡೆ ತಿರುಗಿದಳು.

"ಸರ, ಆ ಲೈಟಿಗೆ ಗಾಲಿ ಅದಾವ."

"ಅಂದ್ರೆ?"

"ಈಕಿಗೆ ಗಾಲಿ ಇಲ್ಲ, ಹೊಲಿಗಿ ಅದಾವ. ಯಾವುದಕ್ಕ ಗಾಲಿ ಅದಾವ, ಅದನ್ನ ತರೂಣು."

"ಸಿಸ್ಟರ್, ಒಂದು ಲೈಟು ಸಾಲೋದಿಲ್ಲ ಇದಕ್ಕೆ."

"ಎರಡೂ ತರ್ತೀನ್ರಿ. ಒಂದು ಮ್ಯಾಲೆ, ಒಂದು ಕೆಳಗ. ಕೂಸು ಹಾಲ ಕುಡದಷ್ಟೂ ಕಾಮಣಿ ಹೇಲಿನ್ಯಾಗ, ಉಚ್ಚಿನ್ಯಾಗ ಹೊರಗ ಹೋಗತೈತಿ ಅಂತ ನೀವ ಅಂತೀರಿ. ಮತ್ತ ಹಾಲು ಇದ್ದಾಕಿನ್ನ ಬಾಗಿಲ ಹೊರಗ ನಿಲ್ಲಿಸಿದ್ರ ಹೆಂಗ್ರಿ?"

ದಾಕ್ಟರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದರು: "ಸರಿ. ಸಂಜೆ ಒಮ್ಮೆ, ನಾಳೆ ಬೆಳಿಗ್ಗೆ ಒಮ್ಮೆ ರಕ್ತ ನೋಡ್ತೀನಿ. ಏರಿತು ಅಂದ್ರೆ ನಿಮ್ಮ ಮಾತು ಕೇಳೋದಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ. ರಕ್ತಾನೇ ಬದಲಾಯಿಸಬೇಕಾಗುತ್ತೆ."

"ಏರಿದ್ರ ನಾನ ಗಾಡ್ಯಾಗ ಕೂತು ಕರಕೊಂಡ ಹೋಗ್ತೀನ್ರಿ" ಎಂದು ಆಕೆ ಹೋಗಿ ಲೈಟು ತಳ್ಳಿಕೊಂಡು ಬಂದಳು. ಒಂದು ಗಾಲಿ ಕಿರ್ರೆನ್ನುತ್ತಿತ್ತು. ಅದಕ್ಕೂ ಬೈದಳು.

ಮಗಳ ಮಂಚಕ್ಕೆ ಆತುಕೊಂಡು ತೊಟ್ಟಿಲು, ಮೇಲೆ ಕೆಳಗೆ ನೀಲಿ ಬೆಳಕು. ಕೂಸಿನ ಬಟ್ಟೆ ಎಲ್ಲ ಬಿಚ್ಚಿ, ಕೆಳಗೊಂದು ಸಣ್ಣ ಲಂಗೋಟಿ ಕಟ್ಟಿ, ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿದರು. ಪಟ್ಟಿ ಬಹಳ ಮೆತ್ತಗಿತ್ತು. ಹಳೇ ಧೋತರದ ಅರಿವೆ, ಅಂಚಿನ ಹೊಲಿಗೆ ಒಂದೂ ಚುಚ್ಚದ ಹಾಗೆ ಒಳಗೆ ಮಡಚಿ ಹೊಲಿದಿದ್ದರು. "ಯಾರ ಹೊಲದಾರ್ರಿ ಇದನ್ನ?" ಎಂದೆ. "ನಮ್ಮ ಮನ್ಯಾಗ ಒಬ್ಬ ದರ್ಜಿ ಅದಾನ" ಎಂದು ಮಾತು ಮುಗಿಸಿದಳು.

ಆ ನೀಲಿ ಬೆಳಕಿನಲ್ಲಿ ಕೂಸು ಸತ್ತವರ ಬಣ್ಣಕ್ಕೆ ತಿರುಗಿ ಕಾಣುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹಾಗೇ ಅನ್ನಿಸಿತು. ಮಗಳೂ ಅದನ್ನೇ ಕಂಡಿರಬೇಕು. "ಅವ್ವಾ, ಅಕಿ ಉಳೀತಾಳೇನ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸಬಾಯಿ ಮಗಳ ಕೈ ಹಿಡಿದು ತೊಟ್ಟಿಲಿನ ಪಕ್ಕದಿಂದ ಒಳಗೆ ತೂರಿಸಿ, ಬೆರಳನ್ನು ಕೂಸಿನ ಮುಷ್ಟಿಯೊಳಗೆ ಇಟ್ಟಳು. "ಈ ಬೆಳಕಿನ್ಯಾಗ ಕಣ್ಣಿಂದ ನೋಡಬ್ಯಾಡ ತಂಗಿ. ಕೈಯಿಂದ ನೋಡು. ಹಿಡದೈತಿಲ್ಲೋ?"

"ಹಿಡದೈತ್ರಿ."

"ಮತ್ತ?"

ನನಗೊಂದು ಕೆಲಸ ಹಚ್ಚಿದಳು. ಎರಡೆರಡು ತಾಸಿಗೆ ಕೂಸನ್ನು ಎಬ್ಬಿಸಬೇಕು. ಏಳದಿದ್ದರೆ ಅಂಗಾಲು ಕೆರೆಯಬೇಕು, ಕಿವಿಯ ಹಿಂದೆ ಒದ್ದೆ ಬೆರಳು ಆಡಿಸಬೇಕು. ಪಟ್ಟಿ ಬಿಚ್ಚಿ ತಾಯಿಯ ಎದೆಗೆ ಹಾಕಬೇಕು, ಕುಡಿದ ಕೂಡಲೇ ಮತ್ತೆ ಲೈಟಿನ ಕೆಳಗೆ. ಕೂಸು ಎಷ್ಟು ಸಲ ಉಚ್ಚೆ ಹೊಯ್ದಿತು ಎಂಬುದು ಆಕೆಗೆ ಗೊತ್ತಾಗಬೇಕು. "ನೆನಪ ಹಾರತೈತ್ರಿ ಬಾಯಾರ" ಎಂದೆ. "ಸೆರಗ ಐತಲ್ಲ, ಗಂಟ ಹಾಕ್ರಿ" ಎಂದಳು. ಒಂದೊಂದು ಒದ್ದೆ ಅರಿವೆಗೆ ಸೆರಗಿನ ಅಂಚಿಗೆ ಒಂದೊಂದು ಗಂಟು. ಮೊದಲ ಸಲ ಅಂಗಾಲು ಕೆರೆದಾಗ ಕೂಸು ಮಿಸುಕಲೂ ಇಲ್ಲ. ಮಗಳು ಹಾಲು ಹಿಂಡಿ ಚಮಚೆಯಲ್ಲಿ ತುಟಿ ಒದ್ದೆ ಮಾಡಿದಳು. ಎರಡನೆಯ ಸಲ ಎರಡು ಗುಟುಕು. ಆಕೆ ಹೋಗುತ್ತಾ ಬರುತ್ತಾ ನನ್ನ ಸೆರಗು ಎಳೆದು ಗಂಟು ಮುಟ್ಟಿ ನೋಡುವಳು. "ಒಂದ ಐತಿ. ಸಾಲಂಗಿಲ್ಲ. ಎಬ್ಬಸ್ರಿ." ನಾನು ಎಬ್ಬಿಸುವೆ.

ಸಂಜೆಗೆ ಅಲಖನೂರಿನಿಂದ ಅಳಿಯ, ಅವರವ್ವ ಇಬ್ಬರೂ ಬಂದರು. ಬೀಗಿತಿ ಕೂಸನ್ನು ನೋಡಿದಳು, ಕಣ್ಣುಪಟ್ಟಿ ನೋಡಿದಳು, ನನ್ನ ಕಡೆ ತಿರುಗಿದಳು.

"ಯಾಕ್ರಿ ಬೀಗ್ತೇರ, ಚಂದಾಗಿ ಇದ್ದ ಕೂಸು ನಿಮ್ಮ ಮನಿಗೆ ಹೋಗಿತ್ತು. ಮೂರ ದಿನದಾಗ ಹಿಂಗ ಹೆಂಗಾತು? ಏನ ಮಾಡಿದ್ರಿ?"

ಏನು ಮಾಡಿದೆ ಎಂದು ನನಗೆ ಗೊತ್ತಿತ್ತು. ನರ್ಸಬಾಯಿಗೂ ಗೊತ್ತಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. ಕಬೂಲು ಮಾಡಿಯೇಬಿಡೋಣ ಎಂದು ಬಾಯಿ ತೆರೆದೆ.

"ಏನ ಮಾಡ್ತಾರ್ರಿ ಅವರು?" ನರ್ಸಬಾಯಿ ಲೈಟಿನ ಹಿಂದಿನಿಂದ ಬಂದಳು. "ತಾಯಿ ರಕ್ತದ ಗುಂಪು ಬ್ಯಾರೆ, ಕೂಸಿಂದು ಬ್ಯಾರೆ. ಎರಡೂ ಹೊಂದಿಲ್ಲ, ಅದಕ್ಕ ಕಾಮಣಿ ಬಂದೈತಿ. ಹೊಟ್ಟ್ಯಾಗಿಂದನ ಬಂದದ್ದು. ಇದು ಯಾರ ಮನ್ಯಾಗ ಇದ್ರೂ ಬರತಿತ್ತು. ನಿಮ್ಮ ಮನ್ಯಾಗ ಇದ್ರೂ ಬರತಿತ್ತು. ಈಗ ಈ ಕಡೆ ಸರೀರಿ, ಬೆಳಕಿಗೆ ಅಡ್ಡ ನಿಂತೀರಿ."

ಬೀಗಿತಿ ಸರಿದಳು. ಆಮೇಲೆ ಆ ಮಾತು ಎತ್ತಲಿಲ್ಲ, ಇವತ್ತಿನ ತನಕ ಎತ್ತಿಲ್ಲ.

ಅವತ್ತು ಸಂಜೆಯ ರಕ್ತದ ಚೀಟಿ ಬಂದಾಗ ನರ್ಸಬಾಯಿ ಓದಿ ಹೇಳಿದ್ದು ಇಷ್ಟೇ: "ಏರಿಲ್ಲ. ಇಳದೂ ಇಲ್ಲ. ಊಟಾ ಮಾಡ್ರಿ." ಮರುದಿನ ಮುಂಜಾನೆ ಆಕೆಯ ಪಾಳಿ ಇನ್ನೂ ಶುರುವಾಗಿರಲಿಲ್ಲ. ಚಪ್ಪಲಿಯ ಸಪ್ಪಳ ಮಾತ್ರ ಕೇಳಿಸಿತು. ಮೈಮೇಲೆ ಮನೆಯ ಸೀರೆ. ಚೀಟಿ ಕೈಯಲ್ಲಿತ್ತು. ನನ್ನ ಸೆರಗು ಎಳೆದು ಗಂಟು ನೋಡಿದಳು. ಅಷ್ಟೂ ಗಂಟುಗಳ ಮೇಲೆ ಬೆರಳು ಆಡಿಸಿದಳು. ಮಗಳ ಮಂಚದ ಅಂಚಿನ ಮೇಲೆ ಕುಳಿತಳು.

ಕುಳಿತಳು. ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಚಾ ಕೊಡ್ರಿ ಆಯಿ. ಕಪ್ಪಿನ್ಯಾಗ ಕೊಡ್ರಿ, ಸಾವಕಾಶ ಕುಡೀತೀನಿ" ಎಂದಳು. ಕಾಮಣಿ ಇಳಿಯುತ್ತಿದೆ ಎಂದು ನಮಗೆ ಗೊತ್ತಾದದ್ದು ಹಾಗೆ.

ಇನ್ನೆರಡು ದಿನಕ್ಕೆ ಲೈಟು ತೆಗೆದರು. ಮನೆಗೆ ಬಿಡುವ ಮೊದಲು ಆಕೆ ಮಲಗಿದ್ದ ಕೂಸಿನ ಹಿಂದೆ ನಿಂತು, ಕಿಸೆಯಿಂದ ಕೀಲಿಗೊಂಚಲು ತೆಗೆದು ಕಿವಿಯ ಹತ್ತಿರ ಝಲ್ಲೆಂದು ಅಲ್ಲಾಡಿಸಿದಳು. ಕೂಸು ಬೆಚ್ಚಿ ಎರಡೂ ಕೈ ಅಗಲಿಸಿತು. ಆ ಕಿವಿಗೂ ಮಾಡಿದಳು. ಮತ್ತೆ ಬೆಚ್ಚಿತು. ಆಗ ಆಕೆಯ ಮುಖ ನೋಡಬೇಕಿತ್ತು. ಕಾಮಣಿ ಇಳಿದ ದಿನವೂ ಅಷ್ಟು ಅರಳಿರಲಿಲ್ಲ. "ಐಕತೇಯ ಗ ಮಾಝಿ ಸೋನೂ! ಕೇಳತೈತ್ರಿ, ಕೇಳತೈತಿ. ಖರೆ ನನ್ನ ಕೀಲಿ ಮಾತ ನಂಬಬ್ಯಾಡ್ರಿ. ಮೂರ ತಿಂಗಳಿಗೆ ಮಶೀನಿಗೆ ತೋರಸ್ರಿ." ಮೂರು ತಿಂಗಳಿಗೆ ತೋರಿಸಿದೆವು. ಏನೂ ದೋಷವಿಲ್ಲ ಎಂದರು. ಸೋನೂ ಎಂಬ ಹೆಸರು ಮಾತ್ರ ಮನೆಯಲ್ಲಿ ಉಳಿಯಿತು.

ಅವತ್ತು ಹೊರಡುವಾಗ ನನ್ನನ್ನು ಮತ್ತೆ ಅದೇ ಕಿಟಕಿಯ ಹತ್ತಿರ ಕರೆದಳು.

"ಆಯಿ, ಕಾಮಣಿ ನಿಮ್ಮಿಂದ ಬಂದಿಲ್ಲ. ತಡಾ ಆಗಿದ್ದು ನಿಮ್ಮಿಂದ. ಮೊದಲನೇ ಮಾತ ಎಲ್ಲಾರ ಮುಂದ ಹೇಳೀನಿ. ಎರಡನೇದು ನಿಮಗ ಅಷ್ಟ."

"ಐದೇಶಿ ಇತ್ರಿ ಬಾಯಾರ. ಶೆಟಿಗೆವ್ವ ಬರೂ ದಿನ."

"ಇಲ್ಲಿ ಮಲಗಿದ ಕೂಸಗೋಳ ಹಣಿಬರಹ ಯಾರ ಬರೀತಾರ ಮತ್ತ? ನಾ ಬರೀತೇನೇನು? ಶೆಟಿಗೆವ್ವಗ ದವಾಖಾನಿ ದಾರಿ ಗೊತ್ತೈತ್ರಿ. ಬರತಾಳ."

ಅವತ್ತಿನಿಂದ ನಮ್ಮ ಓಣಿಯಲ್ಲಿ ಬಾಣಂತಿ ಇದ್ದ ಮನೆಗೆಲ್ಲ ನಾನು ಹೋಗುತ್ತೇನೆ. ಕರೆಯದಿದ್ದರೂ ಹೋಗುತ್ತೇನೆ. ಕಿಟಕಿಯ ತಟ್ಟು ಕಿತ್ತು ಹಾಕುತ್ತೇನೆ, ಮೂಗು ಒತ್ತಿ ನೋಡುತ್ತೇನೆ, ಅರಿಶಿಣದ ಬಟ್ಟಲು ಕಂಡರೆ ಎತ್ತಿ ಹೊರಗಿಡುತ್ತೇನೆ. "ಬಂದ್ಲ ನೋಡ್ರಿ ನರ್ಸಬಾಯಿ ತಂಗಿ" ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅನುಮಾನ ಬಂದರೆ ನಿಂತ ಕಾಲಮೇಲೆ ಆಕೆಗೆ ಫೋನು. "ಅಂಗಾಲು ನೋಡಿದ್ರೇನ?" ಎಂಬುದೇ ಆಕೆಯ ಮೊದಲ ಪ್ರಶ್ನೆ. ಚೆನ್ನಾಗಿದ್ದೀರಾ, ಉಂಡಿರಾ ಎಂದು ಆಕೆಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಗೆಳೆತನ ಅಂಥದ್ದು.

ಇನ್ನೊಂದು ಚಟ ಹತ್ತಿತು ನನಗೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಕೂಸು ದೊಡ್ಡದಾದ ಹಾಗೆ, ಅದು ಆ ಕಡೆ ಮುಖ ಮಾಡಿ ಆಡುವಾಗ ಹಿಂದಿನಿಂದ ಮೆಲ್ಲಗೆ "ಸೋನೂ" ಎಂದು ಕರೆಯುವುದು. ತಿರುಗಿ ನೋಡಿದರೆ, ಏನಿಲ್ಲ ಆಡು ಎನ್ನುವುದು. ಮಶೀನು ಹೇಳಿದ್ದು ಮಶೀನಿಗೆ. ನನ್ನ ಹೊಟ್ಟೆಯೊಳಗಿನದು ಕೇಳಬೇಕಲ್ಲ.

ಸಮಾರಂಭದ ದಿನ ಮುಂದಿನ ಸಾಲಿನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ಕೂತಿದ್ದ. ಮಂದಿ ಭಾಷಣ ಮಾಡುವಾಗ ನರ್ಸಬಾಯಿ ಅವನ ಕಡೆ ನೋಡುತ್ತಾ ಮಡಿಲಲ್ಲಿ ಬೆರಳು ಆಡಿಸುತ್ತಿದ್ದಳು. ಕೈಯಿಂದಲೇ ಅವನಿಗೆ ಮಾತು ತಲುಪಿಸುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾರಾದರೂ ಆಕೆಯನ್ನು ಹೊಗಳತೊಡಗಿದರೆ ಬೆರಳು ನಿಂತುಬಿಡುತ್ತಿತ್ತು. ಅವನು ಹುಬ್ಬು ಹಾರಿಸಿ ಏನೆಂದು ಕೇಳಿದರೆ, ಏನಿಲ್ಲ ಎಂದು ಕೈ ಕೊಡವುತ್ತಿದ್ದಳು. ನನ್ನ ಭಾಷಣ ಮಾತ್ರ ಪೂರ್ತಿ ಹೇಳಿದಳು. ಅವನು ಜೋರಾಗಿ ನಕ್ಕ.

ಊಟದ ಹೊತ್ತಿಗೆ ಆಕೆ ತಾಟು ಹಿಡಿದು ನನ್ನ ಪಕ್ಕ ಬಂದು ಕುಳಿತಳು. ಇನ್ನು ನೌಕರಿ ಇರಲಿಲ್ಲವಲ್ಲ, ಕುಳಿತಳು.

"ನಿಮ್ಮ ಮಗಾನ್ರಿ?"

"ಹೌದ್ರಿ ಆಯಿ. ದರ್ಜಿ. ಕಣ್ಣಪಟ್ಟಿ ಹೊಲದಾಂವ."

ನಾನು ಕೈಯಲ್ಲಿದ್ದ ತುತ್ತು ಕೆಳಗಿಟ್ಟೆ. ಆಕೆ ತಾಟಿನಲ್ಲಿ ಅನ್ನ ಕಲಸುತ್ತಲೇ ಹೇಳಿದಳು.

"ನಾ ಆಗ ನರ್ಸಿಂಗ ಮುಗಿಸಿದ್ನಿ. ಪುಸ್ತಕದಾಗ ಎಲ್ಲಾ ಓದಿದ್ನಿ. ಖರೆ ತವರಮನ್ಯಾಗ ಬಾಣಂತಿ ಮಾತ ಯಾರ ಕೇಳತಾರ? ಅವ್ವ ಅರಿಷಿಣ ಹಚ್ಚಿದ್ಲು, ಕತ್ತಲ ಕ್ವಾಣ್ಯಾಗ ಇಟ್ಟಳು. ನನಗೂ ಕಾಣಲಿಲ್ಲ. ದವಾಖಾನಿಗೆ ಒಯ್ಯೂದ್ರಾಗ ಭಾಳ ಏರಿತ್ತು. ಎಂಟ ದಿನ ಅಂವನ್ನ ಕಾಜಿನ ಕ್ವಾಣ್ಯಾಗ ಇಟ್ರು, ನಾ ಹೊರಗ ನಿಂತೆ. ನನ್ನ ಹಾಲು ಸೀರ್ಯಾಗ ಸೋರಿ ಹೋತು. ಕಡೀಕ ಕೈಯಾಗ ಕೊಟ್ರು. ನಾ ಮಾತಾಡ್ಸಿದ್ರ ಅಂವ ಮಿಸುಕಲಿಲ್ಲ. ಎಂಟ ದಿನದಾಗ ಅವ್ವನ ದನಿ ಮರತಾನ ಅಂತ ತಿಳಕೊಂಡೆ. ದನಿ ಮರತಿರಲಿಲ್ಲ ಆಯಿ."

"ನಿಮ್ಮವ್ವಗ ಹೇಳಿದ್ರೇನ? ಅರಿಷಿಣದ್ದು?"

"ಯಾಕ ಹೇಳ್ಲಿ? ಹೇಳಿದ್ರ ಅಂವನ ಕಿವಿ ಬರತಿದ್ವೇನ? ಅವ್ವ ಅಂವನ್ನ ಬೆನ್ನಮ್ಯಾಲೆ ಹೊತ್ತು ಬೆಳಸಿದ್ಲು, ಹೊಲಿಗಿ ಮಶೀನ ಮುಂದ ಕುಂಡ್ರಿಸಿ ಕಲಸಿದ್ಲು. ಗೊತ್ತಾಗಿದ್ರ ಅಂವನ್ನ ಮುಟ್ಟಾಕೂ ಅಂಜತಿದ್ಲು. ಸಾಯೂತನಕ ಅಕಿಗೆ ಗೊತ್ತಾಗಲಿಲ್ಲ. ಛಲೋ ಆತು."

ಆ ದಿನ ಬೀಗಿತಿಯ ಮುಂದೆ ಆಕೆ ಯಾರನ್ನು ಮರೆಮಾಡಿ ನಿಂತಿದ್ದಳು ಎಂಬುದು ನನಗೆ ಇಷ್ಟು ವರ್ಷದ ಮೇಲೆ ತಿಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡೆ.

"ಅಳಬ್ಯಾಡ್ರಿ ಆಯಿ. ಅಳು ನಿಮಗ ಒಪ್ಪಂಗಿಲ್ಲ."

"ಯಾರ ಅಳಾಕತ್ತಾರ? ಪಲ್ಲೆದಾಗ ಖಾರ ಜಾಸ್ತಿ ಆಗೈತಿ."

"ಅದು ಶಿರಾ ರೀ" ಎಂದಳು.

ಮನೆಗೆ ಬಂದ ಮೇಲೆ ನನಗೆ ಸಮಾಧಾನವಿರಲಿಲ್ಲ. ನರ್ಸಬಾಯಿಯ ಅವ್ವನಿಗೆ ಗೊತ್ತಾಗದೆ ಇದ್ದದ್ದು ಒಳ್ಳೆಯದಾಯಿತು, ಸರಿ. ಆದರೆ ನನಗೆ ಗೊತ್ತಿದೆಯಲ್ಲ. ನನ್ನ ಕೂಸಿನ ಕಿವಿ ಉಳಿದಿವೆ, ನಾನು ಯಾರಿಗೆ ಅಂಜಬೇಕು? ಶಾಲೆಯ ಸೂಟಿ ಎಂದು ಮಗಳು ಸೋನೂನನ್ನು ಕರೆದುಕೊಂಡು ಬಂದಿದ್ದಳು. ಸೋನೂ ಈಗ ನಾಲ್ಕನೆಯ ಇಯತ್ತೆ. ಅಂಗಳದಲ್ಲಿ ನಮಗೆ ಬೆನ್ನು ಹಾಕಿ ಕುಂಟಾಟದ ಮನೆ ಗೀಚುತ್ತಿದ್ದಳು. ಮಗಳು ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೋಸುತ್ತಿದ್ದಳು. ನಾನು ಅವಳ ಪಕ್ಕ ಕೂತು, ದನಿ ತಗ್ಗಿಸಿ, ಎಲ್ಲವನ್ನೂ ಹೇಳಿದೆ. ಬಾಯಾರು ಬೇಡ ಎಂದದ್ದು, ನಾನು ಹಚ್ಚಿದ್ದು, ಕರೆದುಕೊಂಡು ಬನ್ನಿ ಎಂದದ್ದು, ನಾನು ಹೋಗದೆ ಇದ್ದದ್ದು, ಮೈ ಬೆಚ್ಚಗಿಡಿ ಎಂದಿದ್ದಾರೆ ಎಂದು ನಾನು ಹೇಳಿದ ಸುಳ್ಳು.

ಮಗಳು ಸೊಪ್ಪಿನ ಇನ್ನೊಂದು ಕಡ್ಡಿ ಮುರಿದಳು.

"ಅದಕ್ಕ ಏನ ಅವ್ವಾ, ಅಕೀನ ನೀ ಯಾವಾಗಲೂ ಹಿಂದಿನಿಂದ ಮೆಲ್ಲಕ ಕರಿಯೂದು?"

ಅಷ್ಟರಲ್ಲಿ ಅಂಗಳದಿಂದ, ಬೆನ್ನು ತಿರುಗಿಸದೆಯೇ, ಸೋನೂ ಕೂಗಿದಳು.

"ಆಯೀ, ನನಗ ಎಲ್ಲಾ ಕೇಳಸಾಕತ್ತೈತಿ!"

ದೊಡ್ಡವರ ಮಾತಿಗೆ ಕಿವಿ ಕೊಡುತ್ತೀಯೇನೆ ಎಂದು ಬೈದೆ. ಆಮೇಲೆ, ತುಟಿಯೊಳಗೇ, ಪಕ್ಕದಲ್ಲಿದ್ದ ಮಗಳಿಗೂ ಕೇಳಿಸದಷ್ಟು ಮೆಲ್ಲಗೆ ಇನ್ನೊಮ್ಮೆ ಬೈದೆ.

ಅದಕ್ಕೂ ಉತ್ತರ ಬಂತು.